ನಿಮ್ಮ ಹೋಂಸ್ಟೇ ಬಾಗಿಲಾಗ ನಮ್ಮ ಅಡ್ಡಹೆಸರು ಯಾಕ ಕೇಳ್ತೀರಿ?



ಇವತ್ತು ಸ್ವಲ್ಪ ಉದ್ದ ಬರೀತೀನಿ, ಪೂರ್ತಿ ಓದ್ರಿ. ಮೊದಲಿಗೇ ನನ್ನ ಮಾತು ಹೇಳಿಬಿಡ್ತೀನಿ. ರೊಕ್ಕ ತಗೊಂಡು ರೂಮ್ ಕೊಡುವ ಮನೆಗೆ "ಇದು ನಮ್ಮ ಮನೆ, ಯಾರನ್ನ ಒಳಗ ಬಿಟ್ಕೋಬೇಕು ಅನ್ನೋದು ನಮ್ಮ ಇಷ್ಟ" ಅನ್ನುವ ಹಕ್ಕು ಇಲ್ಲ. ಬಾಗಿಲಿಗೆ ಬೋರ್ಡು ಹಾಕಿ, ದಿನಕ್ಕೆ ಇಷ್ಟು ಬಾಡಿಗೆ ಅಂತ ಬರೆದ ಮೇಲೆ ಅದು ಹೋಟೆಲ್. ಹೋಟೆಲ್ ಬಾಗಿಲಾಗ ನಿಂತು ಜಾತಿ ಕೇಳೋದು ಅಸ್ಪೃಶ್ಯತೆ ಆಚರಣೆ. ಎಷ್ಟೇ ನಗುನಗುತಾ ಕೇಳಿದರೂ ಅದು ಅಪರಾಧ.

ಇದನ್ನ ಈಗ ಬರೆಯಲಿಕ್ಕೆ ಕಾರಣ ಐತಿ. ನಮ್ಮ ಕಡೆ ಹುಡುಗರು ಈಗ ತಿರುಗಾಟಕ್ಕೆ ಹೊಂಟಾರ. ಒಳ್ಳೇದು. ಹಂಪಿ, ಬಾದಾಮಿ, ಬಿಜಾಪುರ, ಮೈಸೂರು ನೋಡ್ತಾರ. ನಮ್ಮ ಅಪ್ಪಂದಿರ ಕಾಲದಾಗ ಪ್ರವಾಸ ಅಂದರ ಜಾತ್ರಿ, ಇಲ್ಲಾ ಮಿರಜದ ದವಾಖಾನಿ. ಅಷ್ಟೇ. ಈಗ ಕಾಲೇಜು ಕಲಿತ ಮಕ್ಕಳು ಫೋನಿನಾಗ ಹುಡುಕಿ ಹೋಂಸ್ಟೇ ಬುಕ್ ಮಾಡ್ತಾರ. ಆದರ ಬುಕ್ ಮಾಡುವಾಗ ಒಬ್ಬರಿಗೊಬ್ಬರು ಹೇಳಿಕೊಡುವ ಬುದ್ಧಿಮಾತು ಕೇಳಿ ನನಗ ನಿದ್ದಿ ಬರಲಿಲ್ಲ. "ಕಾಂಬಳೆ ಅಂತ ಹಾಕಬ್ಯಾಡೋ, ಬರೇ ಹೆಸರು ಹಾಕು. ಕೇಳಿದ್ರ ಪಾಟೀಲ ಅನ್ನು." ಇದನ್ನ ಹೇಳಿದವ ಇಪ್ಪತ್ತೆರಡು ವರ್ಷದ ಹುಡುಗ. ಅವನ ಮೇಲೆ ನನಗ ಸಿಟ್ಟಿಲ್ಲ. ರಾತ್ರಿ ಒಂಬತ್ತಕ್ಕ ಗೊತ್ತಿಲ್ಲದ ಊರಾಗ ಬ್ಯಾಗ್ ಹಿಡಕೊಂಡು ರಸ್ತೆದಾಗ ನಿಲ್ಲೋದು ಯಾರಿಗೆ ಬೇಕು? ನನ್ನ ಸಿಟ್ಟು ಆ ಬುದ್ಧಿಮಾತು ಬೇಕಾಗುವಂತೆ ಮಾಡಿದವರ ಮೇಲೆ.

ನನ್ನದೇ ಒಂದು ಸಂಗತಿ ಹೇಳ್ತೀನಿ. ಊರಿನ ಹೆಸರಾಗಲಿ, ಮನೆಯ ಹೆಸರಾಗಲಿ ಹೇಳುವುದಿಲ್ಲ. ಒಂದು ಮನೆಯವರನ್ನ ಬೈದು ಸುಮ್ಮನಾಗುವ ವಿಷಯ ಇದಲ್ಲ. ನಮ್ಮ ರಾಜ್ಯದ್ದೇ ಒಂದು ಹಳೇ ಊರು. ಕೋಟೆ, ಗುಡಿ ನೋಡಲಿಕ್ಕೆ ದೇಶದ ಮಂದಿ ಬರ್ತಾರ. ನಾನು, ನನ್ನ ಹೆಂಡತಿ, ಮಗಳು ಹೋಗಿದ್ವಿ. ಗಂಡ-ಹೆಂಡತಿ ಇಬ್ಬರೇ ನಡೆಸುವ ಹೋಂಸ್ಟೇ. ಕೆಳಗ ಅವರ ಸಂಸಾರ, ಮ್ಯಾಲೆ ಮೂರು ರೂಮ್. ಫೋನಿನಾಗ ನನ್ನ ಹೆಸರು ಹೇಳಿ, ಮುಂಗಡ ಹಾಕಿ, ಎರಡು ರಾತ್ರಿಗೆ ರೂಮ್ ಹಿಡಿದಿದ್ದೆ. ಮನೆಯಾಕಿ ಭಾಳ ಪ್ರೀತಿಯಿಂದ ಮಾತಾಡಿದ್ರು. "ಬರ್ರಿ ಅಣ್ಣಾರ, ನಮ್ಮ ಮನಿ ಊಟ ಉಂಡು ನೋಡ್ರಿ" ಅಂದ್ರು. ಹೋದ ಮೇಲೆ ಆಧಾರ್ ಕಾರ್ಡ್ ಕೊಟ್ಟೆ. ಯಜಮಾನರು ಓದಿದ್ರು. ಓದಿ ಮತ್ತೊಮ್ಮೆ ಓದಿದ್ರು. "ಕಾಂಬಳೆ... ಯಾವ ಪೈಕಿ ಆದ್ರಿ?"

ನಮ್ಮ ಕಡೆ ಮಂದಿಗೆ ಈ "ಯಾವ ಪೈಕಿ" ಅನ್ನುವ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನಾನು ಇದ್ದದ್ದನ್ನ ಇದ್ಹಂಗ ಹೇಳಿದೆ. ಅವರು ಒಳಗ ಹೋದ್ರು. ಐದು ನಿಮಿಷ ಬಿಟ್ಟು ಬಂದು "ಮ್ಯಾಲಿನ ನಳ ಕೆಟ್ಟೈತ್ರಿ, ನೀರು ಬರೂದಿಲ್ಲ. ನಂಗೇನಿಲ್ರಿ, ಮನ್ಯಾಗ ಹಿರಿಯರು ಅದಾರ" ಅಂದ್ರು. ನಳ ಕೆಟ್ಟದ್ದಕ್ಕೂ ಮನಿ ಹಿರಿಯರಿಗೂ ಏನು ಸಂಬಂಧ? ಎರಡೂ ಮಾತು ಒಂದೇ ಉಸಿರಿನಾಗ ಬಂದವು. ಮುಂಗಡದ ರೊಕ್ಕ ನಾವು ಅಲ್ಲಿ ನಿಂತಿರುವಾಗಲೇ ಫೋನಿಗೆ ವಾಪಸ್ ಬಂತು. ಅಷ್ಟು ಪ್ರಾಮಾಣಿಕ ಮಂದಿ! ಗೋಡೆ ಮೇಲೆ ಬಸವಣ್ಣನ ಫೋಟೋ ಇತ್ತು. ಮಗಳು ಅದನ್ನೇ ನೋಡ್ತಾ ನಿಂತಿದ್ಲು.

ಈ "ಮನ್ಯಾಗ ಹಿರಿಯರು ಅದಾರ" ಅನ್ನುವ ನೆಪಕ್ಕೆ ನೂರು ವರ್ಷ ದಾಟಿ ಹೋಗ್ಯಾವ. ಬಾಬಾಸಾಹೇಬರು 1917ರಲ್ಲಿ ಬರೋಡಾಕ್ಕೆ ನೌಕರಿಗೆ ಹೋದಾಗ ಏನಾಯಿತು ಅನ್ನೋದು ನಿಮಗೆಲ್ಲ ಗೊತ್ತು. "ವೇಟಿಂಗ್ ಫಾರ್ ಎ ವೀಸಾ" ಅನ್ನುವ ಬರಹದಲ್ಲಿ ಅವರೇ ಬರೆದಿದ್ದಾರೆ. ಅಮೆರಿಕದ ಕೊಲಂಬಿಯಾ, ಲಂಡನ್ ಓದಿ ಬಂದ ಮನುಷ್ಯನಿಗೆ ಒಂದು ಊರಿನಲ್ಲಿ ತಲೆ ಮೇಲೆ ಸೂರು ಸಿಗಲಿಲ್ಲ. ಪಾರ್ಸಿಗಳ ಒಂದು ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಇರಬೇಕಾಯಿತು. ಊಟ-ವಸತಿ ಸೇರಿ ದಿನಕ್ಕೆ ಒಂದೂವರೆ ರೂಪಾಯಿ. ಹನ್ನೊಂದನೇ ದಿನ ಬಡಿಗೆ ಹಿಡಿದು ಮಂದಿ ಬಂದರು, ಸಂಜೆಯೊಳಗೆ ಜಾಗ ಖಾಲಿ ಮಾಡು ಅಂದರು.

ಎಲ್ಲರೂ ಆ ಬಡಿಗೆಯ ಕಥೆ ಹೇಳ್ತಾರ. ನಾನು ಅದರ ನಂತರದ್ದನ್ನ ನೆನಪು ಮಾಡ್ತೀನಿ. ಬಾಬಾಸಾಹೇಬರು ಇಬ್ಬರು ಗೆಳೆಯರನ್ನ ಕೇಳಿದರು. ಒಬ್ಬ ಹಿಂದೂ. ನೀನು ನನ್ನ ಮನೆಗೆ ಬಂದರ ಆಳುಗಳು ಬಿಟ್ಟು ಹೋಗ್ತಾರ ಅಂದ. ಇನ್ನೊಬ್ಬ ಬ್ರಾಹ್ಮಣ ಮನೆತನದಿಂದ ಕ್ರಿಶ್ಚಿಯನ್ ಆದವ. ನನ್ನ ಹೆಂಡತಿ ಊರಿಂದ ಬರಬೇಕು, ಆಕೆಯನ್ನ ಕೇಳಬೇಕು ಅಂದ. ನೋಡಿದ್ರಾ? ಇಬ್ಬರೂ "ನಾನು ಒಲ್ಲೆ" ಅನ್ನಲಿಲ್ಲ. ಒಬ್ಬ ಆಳಿನ ಮೇಲೆ ಹಾಕಿದ, ಒಬ್ಬ ಹೆಂಡತಿ ಮೇಲೆ ಹಾಕಿದ. ನನ್ನ ಮುಂದ ನಿಂತವರು ಮನಿ ಹಿರಿಯರ ಮೇಲೆ ಹಾಕಿದ್ರು. ಜಾತಿ ಮಾಡುವ ಮನುಷ್ಯನಿಗೆ ಕುಟುಂಬ ಅನ್ನೋದು ಒಂದು ಪರದೆ. ಅದರ ಹಿಂದ ನಿಂತು ತಾನು ಒಳ್ಳೆಯವನಾಗಿ ಉಳಿಯಬಹುದು.

ಅದಕ್ಕೇ ನನಗ ದೊಡ್ಡ ಲಾಡ್ಜಿಗಿಂತ ಈ ಮನೆಮಂದಿ ಹೋಟೆಲ್ ಬಗ್ಗೆ ಹೆಚ್ಚು ಚಿಂತಿ. ದೊಡ್ಡ ಲಾಡ್ಜಿನ ಕೌಂಟರಿನಾಗ ಕುಂತ ಹುಡುಗ ಪಗಾರಕ್ಕ ದುಡಿಯುವವ. ಅವನಿಗೆ ಕಾರ್ಡ್ ಬೇಕು, ಸಹಿ ಬೇಕು, ರೊಕ್ಕ ಬೇಕು. ಹೋಂಸ್ಟೇದವರಿಗೆ ಅಡುಗೆಮನೆ ಐತಿ, ದೇವರಮನೆ ಐತಿ, ತಾಟು-ಲೋಟ ಅದಾವ, ಅತ್ತಿ-ಮಾವ ಅದಾರ. ಜಾತಿ ಎಲ್ಲಿ ಉಸಿರಾಡ್ತದೋ ಆ ಜಾಗಾನ ಈಗ ಬಾಡಿಗಿಗೆ ಕೊಡ್ತಾರ. "ಮನೆ ವಾತಾವರಣ" ಅಂತ ಜಾಹೀರಾತು ಬೇರೆ. ಯಾವ ಮನೆಯ ವಾತಾವರಣ, ಯಾರಿಗೆ?

ನಮ್ಮ ನೆಲದಾಗ ಇದಕ್ಕೆ ಉತ್ತರ ಕೊಟ್ಟವರು ಇದ್ದಾರ. ಐನಾಪುರದಿಂದ ಕೊಲ್ಲಾಪುರ ಎಷ್ಟು ದೂರ? ಅಲ್ಲಿ ಶಾಹೂ ಮಹಾರಾಜರ ಅರಮನೆಯಲ್ಲಿ ಕೆಲಸಕ್ಕಿದ್ದ ಗಂಗಾರಾಮ ಕಾಂಬಳೆ ಅನ್ನುವ ನಮ್ಮ ಮನುಷ್ಯ ನೀರು ಮುಟ್ಟಿದ ಅಂತ ಬಡಿಸಿಕೊಂಡ. ಮಹಾರಾಜರು ಬಡಿದವರಿಗೆ ಶಿಕ್ಷೆ ಕೊಟ್ಟು ಸುಮ್ಮನಾಗಲಿಲ್ಲ. ಗಂಗಾರಾಮನಿಗೆ ರೊಕ್ಕ ಕೊಟ್ಟು ಪ್ಯಾಟಿಯಾಗ ಚಹಾದ ಹೋಟೆಲ್ ಹಾಕಿಸಿದ್ರು. "ಸತ್ಯಸುಧಾರಕ" ಅಂತ ಅದರ ಹೆಸರು. ತಮ್ಮ ಗಾಡಿ ಅದರ ಮುಂದ ನಿಲ್ಲಿಸಿ ಚಹಾ ತರಿಸಿ ಕುಡಿದ್ರು, ಜೊತಿಗಿದ್ದ ಮೇಲ್ಜಾತಿಯವರಿಗೂ ಕುಡಿಸಿದ್ರು. ಇದೇ ಶಾಹೂ ಮಹಾರಾಜರು 1902ರಲ್ಲಿ ಇಂಗ್ಲೆಂಡಿಗೆ ಹೋಗಿ, ಹಳೇ ವಿದ್ಯಾನಗರ ಕೇಂಬ್ರಿಡ್ಜಿನಲ್ಲಿ ಗೌರವ ಎಲ್‌ಎಲ್‌ಡಿ ಪಡೆದವರು. ಅದೇ ವರ್ಷ ಜುಲೈ 26ಕ್ಕೆ ಅವರ ಸಂಸ್ಥಾನದಲ್ಲಿ ಹಿಂದುಳಿದವರಿಗೆ ನೌಕರಿಯಲ್ಲಿ ನೂರಕ್ಕೆ 50ರ ಮೀಸಲಾತಿ ಆದೇಶ ಹೊರಟಿತು. ಆ ದೇಶಕ್ಕೆ ಹೋಗಿ ಬಂದ ನಮ್ಮ ರಾಜರು ಬಹಳ ಮಂದಿ. ಹೋಗಿ ಬಂದು ಕಾಂಬಳೆಯ ಕಪ್ಪು-ಬಸಿಯೊಳಗ ಚಹಾ ಕುಡಿದವರು ಎಷ್ಟು ಮಂದಿ?

ವಸತಿಯ ಹೋರಾಟವೂ ನಮ್ಮದೇ. 1908ರಲ್ಲಿ ಕೊಲ್ಲಾಪುರದಲ್ಲಿ ಅಸ್ಪೃಶ್ಯ ಮಕ್ಕಳಿಗೆ ಮಿಸ್ ಕ್ಲಾರ್ಕ್ ಬೋರ್ಡಿಂಗ್ ಆಯಿತು. 1929ರಲ್ಲಿ ಬಾಬಾಸಾಹೇಬರು ಧಾರವಾಡದಲ್ಲಿ ನಮ್ಮ ಹುಡುಗರಿಗೆ ಬೋರ್ಡಿಂಗ್ ಮಾಡಿದರು, ಬಿ.ಎಚ್. ವರಾಳೆ ಅವರು ಅದನ್ನು ನೋಡಿಕೊಂಡರು. ಬೋರ್ಡಿಂಗ್ ಯಾಕೆ ಬೇಕಾಯಿತು? ಸಾಲಿ ಬಾಗಿಲು ತೆರೆದರೂ ಮಲಗಲಿಕ್ಕೆ ಜಾಗ ಕೊಡುವವರು ಇರಲಿಲ್ಲ, ಉಣ್ಣಲಿಕ್ಕೆ ಖಾನಾವಳಿ ಇರಲಿಲ್ಲ. ರೂಮ್ ಸಿಗದವನಿಗೆ ಊರೇ ಸಿಗೋದಿಲ್ಲ. ಊರು ಸಿಗದವನಿಗೆ ಕಾಲೇಜಿಲ್ಲ, ಪರೀಕ್ಷೆ ಇಲ್ಲ, ಇಂಟರ್‌ವ್ಯೂ ಇಲ್ಲ. "ಒಂದು ರಾತ್ರಿ ರೂಮ್ ಸಿಗಲಿಲ್ಲ, ಅದಕ್ಕ ಇಷ್ಟು ಗದ್ದಲ ಯಾಕ" ಅನ್ನುವವರಿಗೆ ಇದು ಉತ್ತರ.

ಇನ್ನು ಇಂಗ್ಲೆಂಡಿನ ಮಾತಿಗೆ ಬರ್ತೀನಿ. ನಮ್ಮ ಸಂಬಂಧಿಕರ ಹುಡುಗ ಒಬ್ಬ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಅಲ್ಲಿ ಓದಾಕತ್ತಾನ. ಯಾರ್ಕ್ ಅನ್ನುವ ಊರಿಗೆ ಹೋಗಿದ್ದ. ಸುತ್ತ ಹಳೇ ಕೋಟೆಗೋಡೆ, ನಡುವ ದೊಡ್ಡ ಚರ್ಚು, ನಮ್ಮ ಬಿಜಾಪುರದಂಗ ಇತಿಹಾಸದ ಊರು. ಗಂಡ-ಹೆಂಡತಿ ನಡೆಸುವ ಸಣ್ಣ ಹೋಟೆಲಿನಲ್ಲಿ ಉಳಿದ. ಕೆಳಗ ಅವರ ಸಂಸಾರ, ಮ್ಯಾಲೆ ರೂಮು. ನಾನು ಹೋದ ಮನೆಯಂಗೇ. ಅವರು ಕೇಳಿದ್ದು ಇಷ್ಟೇ: ಎಷ್ಟೊತ್ತಿಗೆ ಬರ್ತೀರಿ, ಮುಂಜಾನೆ ತತ್ತಿ ತಿಂತೀರೋ ಇಲ್ಲೋ, ತಿನ್ನಬಾರದ್ದು ಏನಾದರೂ ಐತೇನು. ಇವ ಪುಸ್ತಕದಾಗ ಕಾಂಬಳೆ ಅಂತ ಬರೆದ. ಮನೆಯಾಕಿ ಅದನ್ನ ಹೆಂಗ ಉಚ್ಚಾರ ಮಾಡೋದು ಅಂತ ಕೇಳಿ, ಎರಡು ಸಲ ಹೇಳಿ ಕಲಿತಳಂತ. ಹುಡುಗ ನನಗ ಕಳಿಸಿದ ಮಾತು: "ಕಾಕಾ, ಇಲ್ಲಿ ನಮ್ಮ ಅಡ್ಡಹೆಸರಿಗೆ ಅರ್ಥಾನ ಇಲ್ಲ ನೋಡ್ರಿ." ಆ ಮಾತಿನಾಗ ಎಷ್ಟು ಸುಖ ಇತ್ತೋ ಅಷ್ಟೇ ದುಃಖ ಇತ್ತು. ತನ್ನ ಹೆಸರು ಬರೇ ಹೆಸರಾಗಿ ಉಳಿಯಬೇಕಾದರ ಸಮುದ್ರ ದಾಟಬೇಕಾಯಿತು.

ಹಂಗಂತ ಬಿಳಿಯರು ಹುಟ್ಟಾ ಒಳ್ಳೆಯವರು ಅನ್ಕೋಬ್ಯಾಡ್ರಿ. 1943ರಲ್ಲಿ ವೆಸ್ಟ್ ಇಂಡೀಸಿನ ದೊಡ್ಡ ಕ್ರಿಕೆಟಿಗ ಲಿಯರಿ ಕಾನ್‌ಸ್ಟಂಟೈನ್ ಹೆಂಡತಿ-ಮಗಳ ಜೊತೆ ಲಂಡನ್ನಿನ ಇಂಪೀರಿಯಲ್ ಹೋಟೆಲಿಗೆ ಹೋದಾಗ, ಮೊದಲೇ ಹಿಡಿದ ರೂಮನ್ನು ಕಪ್ಪು ಬಣ್ಣದ ಕಾರಣಕ್ಕೆ ಪೂರ್ತಿ ಕೊಡಲಿಲ್ಲ. ಒಂದು ರಾತ್ರಿ ಇದ್ದು ಹೋಗು ಅಂದರು. ಅಲ್ಲಿಯೂ ನೆಪ ಇತ್ತು: ನಮಗೇನಿಲ್ಲ, ಉಳಿದ ಗಿರಾಕಿಗಳಾದ ಅಮೆರಿಕನ್ನರು ಒಪ್ಪೋದಿಲ್ಲ! ಅವರು ಸುಮ್ಮನೆ ಬರಲಿಲ್ಲ, ಕೋರ್ಟಿಗೆ ಹೋದರು. 1944ರಲ್ಲಿ ಗೆದ್ದರು. ಸಿಕ್ಕ ಪರಿಹಾರ ಐದು ಗಿನಿ ಮಾತ್ರ. ಆದರೆ ವಸತಿಗೃಹ ನಡೆಸುವವನು ಬಂದ ಪ್ರಯಾಣಿಕನನ್ನು ಸರಿಯಾದ ಕಾರಣವಿಲ್ಲದೆ ತಿರುಗಿಸಿ ಕಳಿಸುವಂತಿಲ್ಲ ಅನ್ನುವ ಹಳೇ ಕಾನೂನು ಅಲ್ಲಿ ಮತ್ತೆ ಎದ್ದು ನಿಂತಿತು.

1965ರಲ್ಲಿ ಅಲ್ಲಿ ಜನಾಂಗ ತಾರತಮ್ಯದ ವಿರುದ್ಧ ಮೊದಲ ಕಾಯ್ದೆ ಬಂತು. ಅದು ಹೋಟೆಲುಗಳನ್ನು ಹಿಡಿಯಿತು, ಆದರೆ ಖಾಸಗಿ ಬೋರ್ಡಿಂಗ್ ಮನೆಗಳನ್ನು ಬಿಟ್ಟಿತು. ಯಾಕೆ? ಅದೇ ನೆಪ: ಅದು ಮನೆ, ಕುಟುಂಬ ಇರ್ತದ. ಕರಿಯರಿಗೆ ರೂಮಿಲ್ಲ ಅನ್ನುವ ಚೀಟಿ ಹೆಚ್ಚು ಅಂಟಿದ್ದು ಇಂಥ ಮನೆಗಳ ಕಿಡಕಿಗೇ. ಹೋರಾಟ ನಿಲ್ಲಲಿಲ್ಲ, ಮುಂದ ಕಾನೂನು ಬಿಗಿಯಾಗುತ್ತ ಬಂತು. 2008ರಲ್ಲಿ ಕಾರ್ನ್‌ವಾಲ್ ಕಡೆ ಮರಾಜಿಯನ್ ಊರಿನ ಒಂದು ಮನೆಹೋಟೆಲಿನ ಗಂಡ-ಹೆಂಡತಿ ಇಬ್ಬರು ಗಂಡಸರ ಜೋಡಿಗೆ ಡಬಲ್ ರೂಮ್ ಕೊಡಲಿಲ್ಲ. ಇದು ನಮ್ಮ ಮನೆ, ನಮ್ಮ ಧರ್ಮ ಒಪ್ಪೋದಿಲ್ಲ ಅಂದರು. ಅವರಿಬ್ಬರಿಗೂ ತಲಾ 1,800 ಪೌಂಡ್ ಪರಿಹಾರ ಕೊಡಬೇಕು ಅಂತ ತೀರ್ಪಾಯಿತು. ಮನೆಯವರು ಅಪೀಲು ಹೋದರು. 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲೂ ಸೋತರು. ನಂಬಿಕೆ ನಿಮ್ಮದು ಇಟ್ಟುಕೊಳ್ರಿ, ವ್ಯಾಪಾರಕ್ಕೆ ಇಳಿದ ಮೇಲೆ ಎಲ್ಲರಿಗೂ ಒಂದೇ ಬಾಗಿಲು. ಅಲ್ಲಿ ಗೆದ್ದ ತತ್ವ ಇದು. ಯಾರ್ಕಿನಲ್ಲಿ ನಮ್ಮ ಹುಡುಗನಿಗೆ ಸಿಕ್ಕ ನಗುಮುಖದ ಹಿಂದ ಇಷ್ಟು ಮಂದಿಯ ಕೋರ್ಟು-ಕಚೇರಿ ಐತಿ. ಪುಕ್ಕಟೆ ಬಂದದ್ದಲ್ಲ.

ಇನ್ನೊಂದು ಮಾತು ಮರೀಬಾರದು. ಜಾತಿ ಅಲ್ಲಿಗೂ ನಮ್ಮವರ ಪೆಟ್ಟಿಗೆಯೊಳಗ ಹೋಗೈತಿ. 2010ರ ಅಲ್ಲಿನ ಸಮಾನತಾ ಕಾಯ್ದೆಗೆ ಜಾತಿಯನ್ನೂ ಸೇರಿಸಬೇಕು ಅಂತ ನಮ್ಮ ಜನ ಹೋರಾಡಿದರು. 2013ರಲ್ಲಿ ಪಾರ್ಲಿಮೆಂಟು ಸೇರಿಸಲೇಬೇಕು ಅಂದಿತು. 2018ರಲ್ಲಿ ಸರ್ಕಾರ ಬ್ಯಾಡ, ಕೋರ್ಟಿನ ತೀರ್ಪೇ ಸಾಕು ಅಂತ ಕೈಬಿಟ್ಟಿತು. ಬೇಡ ಅಂತ ಒತ್ತಡ ಹಾಕಿದವರೂ ನಮ್ಮ ದೇಶದಿಂದ ಹೋದವರೇ. 1921-22ರಲ್ಲಿ ಬಾಬಾಸಾಹೇಬರು ಬಾಡಿಗೆಗಿದ್ದ ಲಂಡನ್ನಿನ ಕಿಂಗ್ ಹೆನ್ರಿ ರಸ್ತೆಯ 10ನೇ ನಂಬರ್ ಮನೆಯನ್ನು 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಕೊಂಡು ಸ್ಮಾರಕ ಮಾಡಿತು. ಒಳ್ಳೇದೇ ಆಯಿತು. ಆದರ ಅವರು ಇದ್ದು ಬಂದ ರೂಮಿಗೆ ಹಾರ ಹಾಕಿ, ಅವರ ಮಕ್ಕಳಿಗೆ ಇಲ್ಲಿ ರೂಮ್ ಕೊಡದಿದ್ದರ ಆ ಸ್ಮಾರಕಕ್ಕ ಏನರ್ಥ?

ಈಗ ನಮ್ಮ ಕಾನೂನು ನೋಡ್ರಿ. ಆ ದೇಶಕ್ಕೆ 1965ರಲ್ಲಿ ಹೊಳೆಯದ್ದು ನಮ್ಮವರಿಗೆ ಮೊದಲೇ ಹೊಳೆದಿತ್ತು. ಸಂವಿಧಾನದ 15(2)ನೇ ವಿಧಿಯಲ್ಲಿ ಅಂಗಡಿ, ಹೋಟೆಲ್ ಅಂತ ಹೆಸರು ಹಿಡಿದು ಬರೆದಿದ್ದಾರೆ. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. 1955ರ ಅಸ್ಪೃಶ್ಯತಾ ಕಾಯ್ದೆಗೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರಾಯಿತು. ಅದರಲ್ಲಿ ಹೋಟೆಲ್ ಅಂದರೆ ಬೋರ್ಡಿಂಗ್ ಮನೆ, ಲಾಡ್ಜಿಂಗ್ ಮನೆ, ಕಾಫಿ ಹೋಟೆಲ್ ಎಲ್ಲವೂ ಸೇರ್ತಾವ ಅಂತ ವ್ಯಾಖ್ಯೆಯಲ್ಲೇ ಐತಿ. ಹೋಂಸ್ಟೇ ಅನ್ನುವ ಹೊಸ ಹೆಸರು ಇಟ್ಟುಕೊಂಡರ ಹಳೇ ಕಾನೂನಿನಿಂದ ತಪ್ಪಿಸಿಕೊಳ್ಳಲಿಕ್ಕೆ ಆಗೋದಿಲ್ಲ. 4ನೇ ಕಲಂ ಪ್ರವೇಶ ತಡೆಯೋದನ್ನ ಅಪರಾಧ ಅಂತದ. 6ನೇ ಕಲಂ ಸೇವೆ ನಿರಾಕರಿಸೋದನ್ನ ಅಪರಾಧ ಅಂತದ. 6ರಲ್ಲಿ ಶಿಕ್ಷೆ ಆದರ ಲೈಸೆನ್ಸ್ ರದ್ದು ಮಾಡುವ ಅಧಿಕಾರ 8ನೇ ಕಲಮಿನಲ್ಲಿ ಕೋರ್ಟಿಗೆ ಐತಿ. ಇನ್ನ 12ನೇ ಕಲಂ ಬಾಯಿಪಾಠ ಮಾಡ್ರಿ: ಪರಿಶಿಷ್ಟ ಜಾತಿಯವನ ವಿರುದ್ಧ ಇಂಥ ಕೃತ್ಯ ನಡೆದರೆ ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆದಿದೆ ಅಂತ ಕೋರ್ಟು ಭಾವಿಸಬೇಕು. ಅಲ್ಲ ಅಂತ ಸಾಬೀತು ಮಾಡೋ ಜವಾಬ್ದಾರಿ ಅವರದು. ನಳ ಕೆಟ್ಟಿತ್ತು ಅಂತ ಅವರೇ ತೋರಿಸಬೇಕು.

ನಾನು ಕಚೇರಿಯಲ್ಲಿ ಗುಮಾಸ್ತ. ಫಾರಂ, ರಜಿಸ್ಟರು, ಕಾಲಂ ಇವೇ ನನ್ನ ಬದುಕು. ಒಂದು ಗುಟ್ಟು ಹೇಳ್ತೀನಿ. ಲಾಡ್ಜಿನ ರಜಿಸ್ಟರಿನಾಗ ಹೆಸರು, ವಿಳಾಸ, ಎಲ್ಲಿಂದ ಬಂದ್ರಿ, ಎಷ್ಟು ಮಂದಿ ಅಂತ ಕಾಲಂ ಇರ್ತಾವ. ಜಾತಿಯ ಕಾಲಂ ಇರೋದಿಲ್ಲ. ಅದಕ್ಕೇ ಜಾತಿಯನ್ನ ಬಾಯಿಂದ ಕೇಳ್ತಾರ. ಬಾಯಿಂದ ಕೇಳಿದ್ದಕ್ಕೆ ಕಾಗದ ಇರೋದಿಲ್ಲ, ಕಾಗದ ಇಲ್ಲದ್ದಕ್ಕೆ ಕೇಸು ನಿಲ್ಲೋದಿಲ್ಲ ಅಂತ ಅವರಿಗೆ ಧೈರ್ಯ. ಆ ಧೈರ್ಯ ಮುರೀಬೇಕು. ಬುಕಿಂಗ್ ಮಾತು ವಾಟ್ಸಾಪಿನಾಗೇ ಮಾಡ್ರಿ. ಮುಂಗಡದ ಪಾವತಿ ಇಟ್ಕೊಳ್ರಿ. ರೂಮಿಲ್ಲ ಅಂದ್ರ "ಯಾಕ ಇಲ್ಲ ಅಂತ ಬರೆದು ಕಳಿಸ್ರಿ" ಅನ್ರಿ. ಜೊತಿಗೆ ಇದ್ದವರ ಹೆಸರು, ಹೊತ್ತು, ತಾರೀಖು ಅವತ್ತೇ ಬರೆದಿಡ್ರಿ. ಪೊಲೀಸ್ ಠಾಣೆಗೆ ಹೋಗ್ರಿ, ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ ದೂರು ಕೊಡ್ರಿ.

"ಅವರು ಶಾಕಾಹಾರಿಗಳು, ಅವರ ಕಷ್ಟಾನೂ ನೋಡ್ರಿ" ಅಂತ ಕಾಮೆಂಟ್ ಮಾಡಲಿಕ್ಕೆ ಕೆಲವರು ಕಾದು ಕುಂತಿರ್ತಾರ. ನೋಡೇವ್ರಿ. ನಮ್ಮ ಮನ್ಯಾಗ ಮಾಂಸ ತರಬ್ಯಾಡ್ರಿ ಅಂತ ಬಂದವರಿಗೆಲ್ಲ ಒಂದೇ ನಿಯಮ ಇಟ್ಟರ ನಮ್ಮ ತಕರಾರಿಲ್ಲ. ಮಾಂಸ ತಿನ್ನೋ ಜಾತಿಯವರು ಬರಬ್ಯಾಡ್ರಿ ಅನ್ನೋದು ಬೇರೆ ಮಾತು. ಅದೇ ಮನ್ಯಾಗ ಫಾರಿನ್ನಿನ ಗಿರಾಕಿ ಬಂದ್ರ ಅವ ತನ್ನ ಊರಾಗ ಏನು ತಿಂತಾನ ಅಂತ ಯಾರಾದರೂ ಕೇಳ್ತಾರೇನು? ಅವನಿಗೆ ಹಣಿಗೆ ಕುಂಕುಮ ಹಚ್ಚಿ ಆರತಿ ಮಾಡ್ತಾರ.

"ಮನೆ ಅವರದು, ಅತಿಥಿ ಯಾರು ಅನ್ನೋದು ಅವರ ಖುಷಿ" ಅನ್ನುವವರಿಗೂ ಉತ್ತರ ಕೊಡ್ತೀನಿ. ನಿಮ್ಮ ಮಗಳ ಮದುವಿಗೆ ನನ್ನನ್ನ ಕರೀಬ್ಯಾಡ್ರಿ, ನಾನು ಕೋರ್ಟಿಗೆ ಹೋಗೋದಿಲ್ಲ. ಮನಸ್ಸಿನ ಕೊಳೆ ತೊಳಿಯೋದು ಬ್ಯಾರೆ ಹೋರಾಟ. ಆದರ ಸರ್ಕಾರದ ಪಟ್ಟಿಯಾಗ ಹೆಸರು ಹಚ್ಚಿಸಿ, ಸರ್ಕಾರ ಕಾಯ್ದಿಟ್ಟ ಕೋಟೆ-ಗುಡಿ ತೋರಿಸಿ ಗಿರಾಕಿ ಹಿಡಿದು, ರೊಕ್ಕ ಎಣಿಸುವಾಗ ವ್ಯಾಪಾರ, ಕಾಂಬಳೆ ಬಂದಾಗ ಮನೆ, ಹಂಗ ಆಗೋದಿಲ್ಲ. ಆ ಕೋಟೆಗೆ ಕಲ್ಲು ಹೊತ್ತವರು ಯಾರು ಅಂತ ನಾವೂ ಕೇಳಬೇಕಾಗ್ತದ.

ನಮ್ಮ ಬೇಡಿಕೆ ಇವು. ಪ್ರವಾಸೋದ್ಯಮ ಇಲಾಖೆ ಹೋಂಸ್ಟೇ ನೋಂದಣಿ ಮಾಡುವಾಗ, ಜಾತಿ-ಧರ್ಮ ಕೇಳುವುದಿಲ್ಲ ಅಂತ ಮಾಲೀಕರಿಂದ ಬರೆಸಿಕೊಳ್ಳಬೇಕು. ಜಾತಿ ಕಾರಣಕ್ಕೆ ರೂಮ್ ನಿರಾಕರಿಸುವುದು ಅಪರಾಧ ಅನ್ನುವ ಫಲಕ, ದೂರು ಕೊಡುವ ಫೋನ್ ನಂಬರಿನ ಸಮೇತ, ಬಾಡಿಗೆ ದರದ ಪಕ್ಕದಲ್ಲೇ ಕನ್ನಡದಲ್ಲಿ ಇರಬೇಕು. ದೂರು ಬಂದರೆ ವಿಚಾರಣೆ ಮುಗಿಯುವತನಕ ಇಲಾಖೆಯ ಪಟ್ಟಿಯಿಂದ ಆ ಮನೆಯನ್ನ ತೆಗೀಬೇಕು. ಬುಕಿಂಗ್ ಆ್ಯಪ್‌ಗಳಿಗೂ ಇದೇ ಷರತ್ತು ಹಾಕಬೇಕು. ನಮ್ಮ ಸಂಘಟನೆಗಳು ಗುಡಿ ಪ್ರವೇಶಕ್ಕ ಮನವಿ ಕೊಟ್ಟಂಗ ಇದಕ್ಕೂ ತಾಲೂಕು ತಾಲೂಕಿನಿಂದ ಮನವಿ ಕೊಡಬೇಕು. ಕಾಗವಾಡದಿಂದ ಮೊದಲನೇ ಅರ್ಜಿ ನಾನು ಬರೀತೀನಿ. ನಕಲು ಬೇಕಾದವರು ಕೇಳ್ರಿ, ಕಳಿಸ್ತೀನಿ.

ನಮ್ಮಲ್ಲಿ ನಾಲ್ಕು ಕಾಸು ಕಂಡವರಿಗೆ ಒಂದು ಮಾತು. ಮೈಸೂರು, ಹೊಸಪೇಟೆ, ಬಾದಾಮಿ ಕಡೆ ಮನೆ ಕಟ್ಟಿಸಿದವರು ನಮ್ಮಾಗೂ ಅದಾರ. ಎರಡು ರೂಮ್ ಬಾಡಿಗಿಗೆ ಇಡ್ರಿ. ಬಾಗಿಲಿಗೆ ಬಾಬಾಸಾಹೇಬರ ಫೋಟೋ ಹಾಕ್ರಿ, ಯಾರು ಬಂದರೂ ಒಳಗ ಕರೀರಿ, ಯಾರ ಜಾತೀನೂ ಕೇಳಬ್ಯಾಡ್ರಿ. ಗಂಗಾರಾಮ ಕಾಂಬಳೆ ನೂರು ವರ್ಷದ ಹಿಂದ ಮಾಡಿದ ಕೆಲಸ ಅದು.

ಕಡೀಗೆ ನಮ್ಮ ಹುಡುಗರಿಗೆ. ಬಾಬಾಸಾಹೇಬರು ಬರೋಡಾದಾಗ ಬೇರೆ ಹೆಸರು ಬರೆಸಿದಾಗ ಈ ದೇಶದಾಗ ಅವರನ್ನ ಕಾಯುವ ಕಾನೂನು ಒಂದೂ ಇರಲಿಲ್ಲ. ಅದಕ್ಕೇ ಮುಂದ ಅವರು ಆ ಕಾನೂನು ಬರೆದರು. ಅದು ಇರುವಾಗ ನೀವು ಪಾಟೀಲ ಅಂತ ಯಾಕ ಬರೀಬೇಕು? ಪೂರ್ತಿ ಹೆಸರು ಬರೀರಿ, ದೊಡ್ಡ ಅಕ್ಷರದಾಗ ಬರೀರಿ. ಬಾಗಿಲು ಹಾಕಿದ್ರ ಫೋನ್ ಮಾಡ್ರಿ, ನಾವು ಬರ್ತೀವಿ. ನಾಚಿಕಿ ಪಡಬೇಕಾದವರು ಕೇಳುವವರು, ಹೇಳುವವರಲ್ಲ.

ನಿಮಗೂ ಹಿಂಗ ಆಗಿದ್ದರ ಕೆಳಗ ಬರೀರಿ. ಮನೆಯ ಹೆಸರು ಇಲ್ಲಿ ಹಾಕಬ್ಯಾಡ್ರಿ, ದೂರಿನಾಗ ಹಾಕ್ರಿ.

ಜೈ ಭೀಮ್. ಜೈ ಸಂವಿಧಾನ.